ಬರೆದಿಡದ ಮಾತಿನ ಬದುಕು: ಪಾರಿಜಾತದ ಭಾಗವತನಿಂದ ಮಾಸ್ಟರ್ ಹಿರಣ್ಣಯ್ಯನವರೆಗೆ

ಭರತ ಹುಣ್ಣಿಮೆಯ ಹೊತ್ತಿಗೆ ರಾಯಬಾಗ ತಾಲ್ಲೂಕಿನ ಚಿಂಚಲಿಗೆ ಹೋಗುವ ದಾರಿಗಳು ಹಳದಿಗೆ ತಿರುಗುತ್ತವೆ. ಮಾಯಕ್ಕ ದೇವಿಯ ಜಾತ್ರೆಗೆಂದು ಬೆಳಗಾವಿ ಜಿಲ್ಲೆಯ ಮೂಲೆಮೂಲೆಯಿಂದ, ಗಡಿಯಾಚೆಯ ಸಾಂಗ್ಲಿ, ಕೊಲ್ಹಾಪುರ ಕಡೆಯಿಂದ ಬರುವ ಭಕ್ತರು ತೂರುವ ಭಂಡಾರ ತಲೆ, ಹೆಗಲು, ಎತ್ತಿನ ಕೊಂಬು, ಚಕ್ಕಡಿಯ ಗಾಲಿ ಯಾವುದನ್ನೂ ಬಿಡುವುದಿಲ್ಲ. ಡೊಳ್ಳಿನ ಸದ್ದಿನ ನಡುವೆ ‘ಚಾಂಗಭಲೋ’ ಎಂಬ ಕೂಗು ಏಳುತ್ತದೆ. ಆ ಗದ್ದಲದಲ್ಲಿ ಕನ್ನಡ ಎಲ್ಲಿ ಮುಗಿಯಿತು, ಮರಾಠಿ ಎಲ್ಲಿ ಶುರುವಾಯಿತು ಎಂದು ಯಾರೂ ಕೇಳುವುದಿಲ್ಲ.

ಈ ಸೀಮೆಯ ಜಾತ್ರೆಗಳಿಗೆ ರಾತ್ರಿಯದೇ ಬೇರೆ ಜೀವ. ರೊಟ್ಟಿಬುತ್ತಿ ಬಿಚ್ಚಿ ಉಂಡ ಜನ ಕಂಬಳಿ ಹೊದ್ದು ಶ್ರೀಕೃಷ್ಣ ಪಾರಿಜಾತದ ಆಟದ ಮುಂದೆ ಕೂರುತ್ತಾರೆ. ಹಾರ್ಮೋನಿಯಂ, ತಬಲಾ, ತಾಳ ಸಜ್ಜಾಗುತ್ತವೆ. ಕಥೆ ಹೊಸದೇನಲ್ಲ. ನಾರದ ತಂದ ಪಾರಿಜಾತದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆ ಮುನಿಸಿಕೊಂಡಳು. ಮುಂದಿನ ಸಾಲಿನ ಅಜ್ಜಿಗೂ ಅವಳ ತೊಡೆಯ ಮೇಲೆ ನಿದ್ದೆಗಣ್ಣಲ್ಲಿ ಕೂತ ಮೊಮ್ಮಗಳಿಗೂ ಅದು ಗೊತ್ತು. ಹಾಡುಗಳಂತೂ ಎಷ್ಟೋ ಜನರಿಗೆ ಬಾಯಿಪಾಠ. ಹಾಗಿದ್ದೂ ಕೋಳಿ ಕೂಗುವವರೆಗೆ ಜನ ಜಾಗ ಬಿಟ್ಟು ಕದಲುವುದಿಲ್ಲ.

ಕಾರಣ ಇಷ್ಟೇ: ಇವತ್ತಿನ ರಾತ್ರಿ ಆಟ ನಡೆಸುವ ಭಾಗವತ ಹಾಲು ಮಾರುವ ಗೊಲ್ಲತಿಗೆ ಏನು ಕೇಳುತ್ತಾನೆ, ಅವಳು ಏನು ಹೇಳುತ್ತಾಳೆ ಎಂಬುದು ನೋಡುವವರಿಗೆ ಮಾತ್ರವಲ್ಲ, ಅವರಿಬ್ಬರಿಗೂ ಇನ್ನೂ ಗೊತ್ತಿಲ್ಲ.

ನಿಂತ ನಿಲುವಿನಲ್ಲಿ ಮಾತು ಹುಟ್ಟಿಸಿ ನಗಿಸುವ ಈ ಕಲೆಗೆ ಈಗ ದೊಡ್ಡ ಊರುಗಳಲ್ಲಿ ಟಿಕೆಟ್ಟಿದೆ, ತರಬೇತಿ ಶಿಬಿರವಿದೆ. ಇದು ಇತ್ತೀಚೆಗೆ ಹೊರಗಿನಿಂದ ಬಂದ ಸಂಗತಿ ಎಂದು ತಿಳಿದವರೂ ಇದ್ದಾರೆ. ಕೃಷ್ಣೆ, ಘಟಪ್ರಭೆಯ ದಂಡೆಯ ಆಟದವರು ತಲೆಮಾರುಗಳಿಂದ ಇದನ್ನೇ ಮಾಡಿಕೊಂಡು ಬಂದಿದ್ದಾರೆ. ಕನ್ನಡದ ವೃತ್ತಿರಂಗಭೂಮಿಯಲ್ಲಿ ಒಬ್ಬ ನಟ ಇದರ ಮೇಲೆಯೇ ಇಡೀ ಬದುಕು ಕಟ್ಟಿಕೊಂಡು, ವಿಧಾನಸೌಧದಲ್ಲಿ ಕೂತವರ ನಿದ್ದೆಯನ್ನೂ ಕೆಡಿಸಿದರು.

ಹಾಡಿಗೆ ಕಟ್ಟು, ಮಾತಿಗೆ ಬಿಡುಗಡೆ

ಶ್ರೀಕೃಷ್ಣ ಪಾರಿಜಾತದ ಕರ್ತೃ ಅಪರಾಳ ತಮ್ಮಣ್ಣ. ಅದನ್ನು ತಿದ್ದಿ ಬೆಳೆಸಿ ಇಂದಿನ ರೂಪಕ್ಕೆ ತಂದವರು ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ. ತೆಲುಗಿನ ಭಾಮಾಕಲಾಪದೊಂದಿಗೆ ಇದಕ್ಕೆ ನೆಂಟಸ್ತಿಕೆ ಇದೆ. ಆದರೆ ಬೆಳಗಾವಿ, ವಿಜಯಪುರ, ಬಾಗಲಕೋಟೆಯ ನೆಲದಲ್ಲಿ ಅದು ಹಿಂದುಸ್ತಾನಿ ಧಾಟಿಯ ಹಾಡು ಹಿಡಿಯಿತು, ಇಲ್ಲಿಯ ಮಾತು ಕಲಿಯಿತು, ಪೂರಾ ಇಲ್ಲಿಯದೇ ಆಯಿತು. ಕೌಜಲಗಿಯ ನಿಂಗಮ್ಮನಂಥ ಕಲಾವಿದೆ ಇದರಿಂದಲೇ ಮನೆಮಾತಾದರು.

ಆಟದ ಕಟ್ಟಡದಲ್ಲಿ ಎರಡು ಬಗೆಯ ಸರಕು ಇದೆ. ಪದಗಳು, ಎಂದರೆ ಹಾಡುಗಳು, ಗಟ್ಟಿ. ಅವುಗಳ ಸಾಹಿತ್ಯ, ಧಾಟಿ, ಬರುವ ಜಾಗ ಎಲ್ಲ ಗೊತ್ತುಪಡಿಸಿದ್ದು. ಒಂದು ಪದಕ್ಕೂ ಇನ್ನೊಂದು ಪದಕ್ಕೂ ನಡುವೆ ಬರುವ ಮಾತು ಮಾತ್ರ ಆಡುವವರ ಪಾಲಿನದು. ಅದನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ಆ ಮಾತು ಬೆಳೆದರೆ ಆಟ ಬೆಳೆಯುತ್ತದೆ, ಮಾತು ಸೋತರೆ ಎಷ್ಟು ಒಳ್ಳೆಯ ಹಾಡುಗಾರಿಕೆ ಇದ್ದರೂ ಜನ ಚಹಾದಂಗಡಿ ಕಡೆ ಎದ್ದು ಹೋಗುತ್ತಾರೆ.

ಈ ಮಾತಿನ ಗಾಡಿ ಎಳೆಯುವವನು ಭಾಗವತ. ರಂಗಕ್ಕೆ ಯಾರೇ ಬರಲಿ, ನೀವು ಯಾರು, ಎಲ್ಲಿಯವರು, ಬಂದ ಕಾರಣವೇನು ಎಂದು ಕೇಳುವುದು ಅವನ ಕೆಲಸ. ಕೇಳುವ ಪ್ರಶ್ನೆ ನೋಡುವವರ ಪರವಾಗಿ. ಎದುರಿಗೆ ಇರುವುದು ದೇವರೇ ಆದರೂ ಅವನಿಗೆ ಸಲಿಗೆ ಇದೆ. ಸತ್ಯಭಾಮೆ ಎಷ್ಟು ಸಿಟ್ಟಿನಲ್ಲಿದ್ದರೂ ಅವನ ಅಡ್ಡಪ್ರಶ್ನೆಗೆ ಉತ್ತರ ಕೊಟ್ಟೇ ಮುಂದೆ ಹೋಗಬೇಕು.

ಗೊಲ್ಲತಿಯ ಪ್ರಸಂಗವನ್ನು ಹತ್ತಿರದಿಂದ ನೋಡಿದರೆ ಈ ಕಲೆಯ ನಡೆ ತಿಳಿಯುತ್ತದೆ. ಹಾಲು ಮೊಸರು ಮಾರಲು ಹೊರಟ ಗೊಲ್ಲತಿಯನ್ನು ದಾರಿಯಲ್ಲಿ ತಡೆದು ಮಾತಿಗೆ ಎಳೆಯುವುದು ಸಂದರ್ಭ. ಆ ಮಾತು ಸಾಗುವ ಬಗೆ ಸುಮಾರಾಗಿ ಇಂಥದ್ದು:

‘ಏನವಾ, ಹಾಲು ಹೆಂಗ ಲೀಟರ?’

‘ಹಾಲಿನ ಮಾತು ಆಮ್ಯಾಲ. ನಿಮ್ಮ ಕಿಸೆದಾಗ ರೊಕ್ಕ ಐತೇನ್ರಿ?’

‘ರೊಕ್ಕಕ್ಕೇನವಾ, ಆರು ಎಕರೆ ಕಬ್ಬು ಕಳಿಸೇನಿ ಫ್ಯಾಕ್ಟರಿಗೆ.’

‘ಹಂಗಾರ ಬಿಲ್ ಬರೂತನಾ ನೀವು ಬರೇ ಚಾ ಕುಡೀರಿ.’

ರಾಯಬಾಗ, ಅಥಣಿ, ಕಾಗವಾಡ ಕಡೆಯ ಜನರ ಮುಂದೆ ಈ ಕೊನೆಯ ಮಾತು ಬಿದ್ದರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ. ಕಬ್ಬು ಕಳಿಸಿ ಬಿಲ್ಲಿನ ದಾರಿ ಕಾಯುವುದು ಏನೆಂದು ಆ ಬಯಲಿನಲ್ಲಿ ಕೂತವರಿಗೆಲ್ಲ ಗೊತ್ತು. ಇದೇ ಗೊಲ್ಲತಿ ನಿಪ್ಪಾಣಿ ಕಡೆಗೆ ಹೋದರೆ ಕಬ್ಬು ಬಿಟ್ಟು ತಂಬಾಕಿನ ಮಾತು ಎತ್ತಬೇಕಾಗುತ್ತದೆ. ದ್ವಾಪರಯುಗದ ಹಾಲಿನ ಗಡಿಗೆಯೊಳಗೆ ಈ ವಾರದ ಸಂತೆಯ ಸುದ್ದಿ ಬಂದು ಕೂರುವುದು ಹೀಗೆ. ಯಾರೂ ಇದನ್ನು ಕಾಲದ ಅಡ್ಡಾದಿಡ್ಡಿ ಎನ್ನುವುದಿಲ್ಲ. ಪುರಾಣ ತಮ್ಮ ಓಣಿಗೇ ಬಂತಲ್ಲ ಎಂಬ ಖುಷಿ ಅವರಿಗೆ.

ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ನಗು ಎಷ್ಟೇ ಜೋರಾಗಿ ಬರಲಿ, ಹಾರ್ಮೋನಿಯಂ ಮಾಸ್ತರರು ಶ್ರುತಿ ಒತ್ತಿದ ಕೂಡಲೇ ಇಬ್ಬರೂ ಮುಂದಿನ ಪದಕ್ಕೆ ಬಂದು ನಿಲ್ಲುತ್ತಾರೆ. ಕಥೆ ಒಂದಂಗುಲವೂ ಆಚೀಚೆ ಸರಿದಿರುವುದಿಲ್ಲ. ಬಿಡುಗಡೆ ಇರುವುದು ಕಟ್ಟು ಗಟ್ಟಿ ಇರುವುದರಿಂದಲೇ.

ಆಗಿಂದಾಗಿನ ಮಾತಿಗೆ ಹಗಲಿನ ತಯಾರಿ

ಆಶುಹಾಸ್ಯ ಎಂದರೆ ತಯಾರಿ ಇಲ್ಲದ್ದು ಎಂಬ ನಂಬಿಕೆ ಇದೆ. ಬಲ್ಲ ಆಟಗಾರರು ಇದನ್ನು ಒಪ್ಪುವುದಿಲ್ಲ.

ಮೊದಲನೆಯದಾಗಿ ಅವರಿಗೆ ದೊಡ್ಡ ದಾಸ್ತಾನು ಬೇಕು. ಗಾದೆ, ಒಗಟು, ಲಾವಣಿಯ ತುಣುಕು, ಸರ್ವಜ್ಞನ ವಚನ, ಪುರಾಣದ ಉಪಕಥೆ, ಹೆಂಗಸರು ಹೆಸರು ಹೇಳುವ ಒಡಪು ಇವೆಲ್ಲ ನಾಲಿಗೆಯ ತುದಿಯಲ್ಲಿರಬೇಕು. ಇವುಗಳಲ್ಲಿ ಯಾವುದು ಯಾವಾಗ ಹೊರಬರುತ್ತದೆ ಎಂಬುದಷ್ಟೇ ಆ ಕ್ಷಣದ ಮರ್ಜಿ.

ಎರಡನೆಯದು ಊರಿನ ಪರಿಚಯ. ಮೇಳ ಊರಿಗೆ ಬಂದಿಳಿದ ಮೇಲೆ ಬಣ್ಣ ಹಚ್ಚುವವರೆಗೆ ಇರುವ ಹೊತ್ತು ಹಾಸ್ಯಗಾರನಿಗೆ ದುಡಿಮೆಯ ಹೊತ್ತು. ಚಹಾದಂಗಡಿಯಲ್ಲಿ, ಗುಡಿಯ ಕಟ್ಟೆಯಲ್ಲಿ ಕೂತು ಈ ಸಲ ಮಳೆ ಹೇಗಾಯಿತು, ಪಂಚಾಯಿತಿಯಲ್ಲಿ ಯಾರು ಗೆದ್ದರು, ಬಾವಿಗೆ ನೀರು ಬಂತೋ ಇಲ್ಲವೋ ಎಂದು ಕೇಳಿಸಿಕೊಳ್ಳುತ್ತಾನೆ. ಯಾರನ್ನು ಹೆಸರು ಹಿಡಿದು ಕೆಣಕಿದರೆ ಆ ಮನುಷ್ಯನೇ ಮೊದಲು ನಗುತ್ತಾನೆ, ಯಾರ ಮನೆಯಲ್ಲಿ ಸೂತಕ ಇದೆ ಎಂದು ತಿಳಿದುಕೊಳ್ಳುವುದೂ ಅಷ್ಟೇ ಮುಖ್ಯ. ಒಂದು ಊರಿನಲ್ಲಿ ಚಪ್ಪಾಳೆ ಗಿಟ್ಟಿಸಿದ ಮಾತು ಮುಂದಿನ ಊರಿನಲ್ಲಿ ಜಗಳ ತಂದೀತು.

ಆಟದ ನಡುವೆ ಯಾರಾದರೂ ಎದ್ದು ಬಂದು ನೋಟು ಕೊಟ್ಟು ಆಯೇರಿ ಮಾಡಿದರೆ ಹೆಸರು ಹೇಳಿ ಹರಸುವ ಜವಾಬ್ದಾರಿಯೂ ಹೆಚ್ಚಾಗಿ ನಗಿಸುವವನದೇ. ಇದು ನೋಡುವಷ್ಟು ಸುಲಭವಲ್ಲ. ಹತ್ತು ರೂಪಾಯಿ ಕೊಟ್ಟ ಕೂಲಿಯವನಿಗೂ ಐನೂರು ಕೊಟ್ಟ ಗೌಡರಿಗೂ ಹೊಗಳಿಕೆ ಒಂದೇ ತೂಕದಲ್ಲಿ ಬೀಳಬೇಕು, ಒಂದೇ ಮಾತು ಎರಡು ಸಲ ಬರಬಾರದು, ಸತ್ಯಭಾಮೆಯ ವಿರಹದ ಎಳೆಯೂ ಕಡಿಯಬಾರದು.

ಮೂರನೆಯದು ಜೊತೆಗಾರ. ಆಶುಹಾಸ್ಯ ಒಬ್ಬರ ಕೆಲಸವಲ್ಲ. ಒಬ್ಬ ಎತ್ತಿಕೊಡಬೇಕು, ಇನ್ನೊಬ್ಬ ಹೊಡೆಯಬೇಕು. ಎತ್ತಿಕೊಡುವವನ ಹೆಸರು ಯಾರ ಬಾಯಲ್ಲೂ ಉಳಿಯುವುದಿಲ್ಲ. ಆದರೆ ಎದುರಿನವನು ಹಾದಿ ತಪ್ಪಿದಾಗ ಮತ್ತೆ ಕಥೆಗೆ ಕರೆತರುವವನು ಅವನೇ. ವರ್ಷಗಟ್ಟಲೆ ಕೂಡಿ ಆಡಿದ ಜೋಡಿಗಳಿಗೆ ಕಣ್ಣಸನ್ನೆಯೇ ಸಾಕು.

ಘಟಪ್ರಭೆಯ ದಂಡೆಯ ಘೋಡಗೇರಿಯಲ್ಲಿ ಹುಟ್ಟಿ ಇಂಥ ಆಟಗಳನ್ನು ನೋಡುತ್ತ ಬೆಳೆದ ಚಂದ್ರಶೇಖರ ಕಂಬಾರರು ಮುಂದೆ ಉತ್ತರ ಕರ್ನಾಟಕದ ಜನಪದ ರಂಗಭೂಮಿಯ ಮೇಲೆಯೇ ಪಿಎಚ್.ಡಿ. ಮಾಡಿದರು. ಅವರ ‘ಜೋಕುಮಾರಸ್ವಾಮಿ’ ನಾಟಕದಲ್ಲಿ ಸೂತ್ರಧಾರ, ಹಿಮ್ಮೇಳ, ಮಾತಿನ ಚಕಮಕಿ ಬಂದದ್ದು ಈ ಬಯಲಿನಿಂದ. ಓದುವವರ ಕೈಗೆ ಈ ಲೋಕ ಸಿಕ್ಕದ್ದು ಬಹುಮಟ್ಟಿಗೆ ಅವರ ಮೂಲಕ.

ಪರದೆಯ ಮುಂದೆ ನಿಂತವನು

ಬಯಲಿನಿಂದ ಕಂಪನಿ ನಾಟಕದ ತಗಡಿನ ಥಿಯೇಟರಿಗೆ ಬಂದಾಗ ಹಾಸ್ಯಗಾರನಿಗೆ ಹೊಸದೊಂದು ಹೊಣೆ ಬಿತ್ತು. ಅರಮನೆ, ಕಾಡು, ಸ್ವರ್ಗ ಎಲ್ಲವನ್ನೂ ಬಣ್ಣದ ಪರದೆ, ಮರದ ಕಟ್ಟಿನಲ್ಲಿ ತೋರಿಸುತ್ತಿದ್ದ ಕಾಲ ಅದು. ಹಿಂದೆ ಸೆಟ್ಟು ಬದಲಾಗುವವರೆಗೆ ಮುಂದಿನ ಪರದೆ ಇಳಿಬಿಟ್ಟು ಅದರ ಎದುರು ಹಾಸ್ಯದ ದೃಶ್ಯ ನಡೆಸುತ್ತಿದ್ದರು. ಒಳಗೆ ಹಗ್ಗ ಸಿಕ್ಕಿಕೊಂಡರೆ, ರಾಜನ ಕಿರೀಟ ಸಿಗದಿದ್ದರೆ, ನಟಿಗೆ ಗಂಟಲು ಕಟ್ಟಿದರೆ ಹೊರಗೆ ನಿಂತವನು ಮಾತು ಬೆಳೆಸುತ್ತ ಹೋಗಬೇಕು. ಬರೆದ ಮಾತು ಮುಗಿದ ಮೇಲೆ ಅವನಿಗೆ ಉಳಿಯುವುದು ಸ್ವಂತ ಬುದ್ಧಿ ಮಾತ್ರ.

ಈ ಶಾಲೆಯ ಮೊದಲ ದೊಡ್ಡ ಹೆಸರು ಗುಬ್ಬಿ ವೀರಣ್ಣ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯಲ್ಲಿ ಬಾಲನಟರಾಗಿ ಬೆಳೆದು, ಅದರ ಒಡೆಯರಾಗಿ, ನಾಡಿನ ಅತಿ ದೊಡ್ಡ ರಂಗಸಂಸ್ಥೆಯಾಗಿ ಕಟ್ಟಿದವರು ಅವರು. ಆನೆ, ಕುದುರೆ ತಂದು ‘ಕುರುಕ್ಷೇತ್ರ’ ಆಡಿದ ಕಂಪನಿಯ ಮಾಲೀಕರು ತಾವು ಮಾತ್ರ ಹಾಸ್ಯಗಾರರಾಗಿಯೇ ಉಳಿದರು. ‘ವರ್ಸಟೈಲ್ ಕಮೆಡಿಯನ್’ ಎಂಬ ಬಿರುದು ಅವರ ಹೆಸರಿನ ಮುಂದೆ ಅಂಟಿಕೊಂಡಿತು. ‘ಸದಾರಮೆ’ಯ ಕಳ್ಳನ ಪಾತ್ರ ಅವರ ಕೈಯಲ್ಲಿ ಬೆಳೆದ ಬಗೆ ರಂಗಭೂಮಿಯವರು ಇಂದಿಗೂ ಹೇಳುವ ಮಾತು. 1972ರಲ್ಲಿ ಅವರು ತೀರಿಕೊಂಡ ಮೇಲೆ ಮೊಮ್ಮಗಳು ಬಿ. ಜಯಶ್ರೀ ‘ಸದಾರಮೆ’ಯನ್ನು ಮತ್ತೆ ರಂಗಕ್ಕೆ ತಂದು, ಆ ಕಳ್ಳನ ಪಾತ್ರವನ್ನು ತಾವೇ ವಹಿಸಿದರು. ಗಂಡಸಿನ ಪಾತ್ರ, ಅಜ್ಜನ ಪಾತ್ರ, ಅದರ ಮೇಲೆ ಆಗಿಂದಾಗ ಮಾತು ಕಟ್ಟಬೇಕಾದ ಪಾತ್ರ. ಮೂರನ್ನೂ ಹೆಗಲಿಗೆ ಹಾಕಿಕೊಂಡ ಧೈರ್ಯ ಸಣ್ಣದಲ್ಲ.

ನರಸಿಂಹಮೂರ್ತಿ ಹಿರಣ್ಣಯ್ಯನಾದದ್ದು

ಮಾಸ್ಟರ್ ಹಿರಣ್ಣಯ್ಯ ಹುಟ್ಟಿದ್ದು ಮೈಸೂರಿನಲ್ಲಿ, 1934ರ ಫೆಬ್ರವರಿ 15ರಂದು. ಹೆತ್ತವರು ಇಟ್ಟ ಹೆಸರು ನರಸಿಂಹಮೂರ್ತಿ. ತಂದೆ ಕೆ. ಹಿರಣ್ಣಯ್ಯ ಆ ಕಾಲದ ಹೆಸರಾಂತ ಹಾಸ್ಯನಟ, ‘ಕಲ್ಚರ್ಡ್ ಕಮೆಡಿಯನ್’ ಎಂದೇ ಪ್ರಸಿದ್ಧರು. ‘ಕೆ. ಹಿರಣ್ಣಯ್ಯ ಮಿತ್ರ ಮಂಡಳಿ’ ಅವರು ಕಟ್ಟಿದ ಕಂಪನಿ. ‘ದೇವದಾಸಿ’, ‘ಮಕ್ಮಲ್ ಟೋಪಿ’ ಅವರ ಹೆಸರಾದ ನಾಟಕಗಳು. ಪಿಟೀಲು ವಿದ್ವಾಂಸ ಟಿ. ಚೌಡಯ್ಯನವರು ಕಾಣಿಸಿಕೊಂಡ 1943ರ ‘ವಾಣಿ’ ಚಿತ್ರದ ನಿರ್ದೇಶಕರೂ ಅವರೇ. ಹುಡುಗನ ಬಾಲ್ಯ ಮೈಸೂರು, ಮದರಾಸುಗಳ ನಡುವೆ ಕಳೆಯಿತು. ಕನ್ನಡದ ಜೊತೆಗೆ ತಮಿಳು, ತೆಲುಗು, ಇಂಗ್ಲಿಷು ಕಿವಿಗೆ ಬಿದ್ದವು. ಮಾತಿನಿಂದಲೇ ಬದುಕಬೇಕಾದವನಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗಲಾರದು.

1953ರಲ್ಲಿ ತಂದೆ ತೀರಿಕೊಂಡರು. ಮಗನಿಗೆ ಆಗ ಹತ್ತೊಂಬತ್ತು. ಕಂಪನಿ ಎಂದರೆ ಪರದೆ, ಪೆಟ್ಟಿಗೆ ಮಾತ್ರವಲ್ಲ. ಅದನ್ನೇ ನಂಬಿದ ನಟನಟಿಯರು, ವಾದ್ಯದವರು, ಅಡುಗೆಯವರು, ಅವರ ಮನೆಮಂದಿ. ಇಷ್ಟನ್ನೂ ಹೊತ್ತು ಊರಿಂದೂರಿಗೆ ಕ್ಯಾಂಪು ಹಾಕುವ ಬದುಕು ಆ ಹುಡುಗನ ಪಾಲಿಗೆ ಬಂತು. ಅವರು ಕಂಪನಿಯನ್ನು ನಿಲ್ಲಿಸಿಕೊಂಡರು, ತಂದೆಯ ಹೆಸರನ್ನೇ ತಮ್ಮ ಹೆಸರಾಗಿ ಹೊತ್ತರು.

ಹೆಸರು ತಂದೆಯದಾದರೂ ದಾರಿ ಸ್ವಂತದ್ದಾಯಿತು. ‘ಲಂಚಾವತಾರ’ ನಾಟಕ ಅವರನ್ನು ನಾಡಿಗೆಲ್ಲ ಪರಿಚಯಿಸಿತು. ಸರಕಾರಿ ಕಚೇರಿಯ ಲಂಚ, ಕಡತ ಮುಂದೆ ಸರಿಯಲು ಕೊಡಬೇಕಾದ ಕಾಣಿಕೆ, ಅಧಿಕಾರಿ ಮತ್ತು ರಾಜಕಾರಣಿಯ ಕೂಡಾವಳಿ ಅದರ ವಸ್ತು. ‘ಭ್ರಷ್ಟಾಚಾರ’, ‘ನಡುಬೀದಿ ನಾರಾಯಣ’, ‘ಕಪಿಮುಷ್ಟಿ’, ‘ಚಪಲಾವತಾರ’ ಇವೆಲ್ಲ ಅದೇ ಜಾಡಿನವು. ‘ಲಂಚಾವತಾರ’ ಸಾವಿರಾರು ಪ್ರದರ್ಶನ ಕಂಡಿತು. ಇದಕ್ಕೆ ಕಾರಣ ಕಥೆಯೊಂದೇ ಆಗಿದ್ದರೆ ಜನ ಒಮ್ಮೆ ನೋಡಿ ಸುಮ್ಮನಾಗುತ್ತಿದ್ದರು. ನೋಡಿದವರೇ ಮತ್ತೆ ಮತ್ತೆ ಬರುತ್ತಿದ್ದರು. ನಿನ್ನೆಯ ನಾಟಕ ಇವತ್ತು ಇರುತ್ತಿರಲಿಲ್ಲ.

ಹಿರಣ್ಣಯ್ಯನವರ ಕೈಚಳಕ ಇರುವುದು ಇಲ್ಲೇ. ದೃಶ್ಯದ ಮಧ್ಯೆ ಅವರು ನಾಟಕದ ಗೆರೆ ದಾಟಿ ರಂಗದ ಅಂಚಿಗೆ ಬಂದು ನೇರವಾಗಿ ಜನರೊಂದಿಗೆ ಮಾತಿಗಿಳಿಯುತ್ತಿದ್ದರು. ಬೆಳಿಗ್ಗೆ ಪತ್ರಿಕೆಯಲ್ಲಿ ಬಂದ ಸುದ್ದಿ, ವಿಧಾನಸಭೆಯಲ್ಲಿ ನಡೆದ ಗದ್ದಲ, ಹೊಸ ತೆರಿಗೆ, ಪಕ್ಷ ಬದಲಿಸಿದ ಶಾಸಕ ಎಲ್ಲವೂ ಸಂಜೆಯ ಹೊತ್ತಿಗೆ ಸಂಭಾಷಣೆಯಾಗಿ ಬರುತ್ತಿತ್ತು. ಬೆರಳು ಎತ್ತಿ, ದನಿ ಏರಿಸಿ, ಉಸಿರು ತೆಗೆದುಕೊಳ್ಳಲೂ ಬಿಡುವಿಲ್ಲದ ಹಾಗೆ ಒಂದರ ಹಿಂದೊಂದು ಮಾತು. ಜನ ನಗು ನಿಲ್ಲಿಸುವ ಮೊದಲೇ ಅವರು ಮತ್ತೆ ಪಾತ್ರದೊಳಗೆ ಹೋಗಿ, ಎದುರಿಗೆ ನಿಂತ ನಟ ಬಿಟ್ಟ ಜಾಗದಿಂದಲೇ ಎಳೆ ಹಿಡಿಯುತ್ತಿದ್ದರು. ಎದುರಿನ ಆ ನಟನನ್ನೂ ಮೆಚ್ಚಲೇಬೇಕು. ಯಜಮಾನರು ಎಲ್ಲಿಗೆ ಹೋಗಿ ಯಾವಾಗ ಬರುತ್ತಾರೋ ತಿಳಿಯದೆ, ಮುಖದ ಭಾವ ಬಿಡದೆ ಕಾಯುವುದು ಕಷ್ಟದ ಕೆಲಸ.

ಬಯಲಿನ ಭಾಗವತ ಮಾಡುತ್ತಿದ್ದುದನ್ನೇ ಅವರು ತಗಡಿನ ಛಾವಣಿಯ ಕೆಳಗೆ, ರಾಜ್ಯದ ಅಳತೆಯಲ್ಲಿ ಮಾಡಿದರು. ಭಾಗವತ ಊರಿನ ಸುದ್ದಿ ಕೇಳಿ ಆಡುತ್ತಾನೆ, ಹಿರಣ್ಣಯ್ಯ ನಾಡಿನ ಸುದ್ದಿ ಓದಿ ಆಡಿದರು.

‘ನಟರತ್ನಾಕರ’ ಎಂಬ ಬಿರುದು, 2001ರಲ್ಲಿ ಪದ್ಮಶ್ರೀ ಸಂದವು. ಸಿನಿಮಾ, ಧಾರಾವಾಹಿಗಳಲ್ಲಿಯೂ ನಟಿಸಿದರು. ಆದರೆ ಕ್ಯಾಮೆರಾದ ಮುಂದೆ ಅವರ ಅರ್ಧ ಶಕ್ತಿಯಷ್ಟೇ ಕಾಣುತ್ತಿತ್ತು. ಅಲ್ಲಿ ಎದುರಿಗೆ ಜನ ಇರುವುದಿಲ್ಲವಲ್ಲ. 2019ರ ಮೇ 2ರಂದು ಬೆಂಗಳೂರಿನಲ್ಲಿ, ಎಂಬತ್ತೈದನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಮಗ ಬಾಬು ಹಿರಣ್ಣಯ್ಯ ಅದೇ ರಂಗದಲ್ಲಿ ಬೆಳೆದವರು.

ಹಸ್ತಪ್ರತಿಯಲ್ಲಿ ಸಿಗದ ಮಾತು

ಆಳುವವರಿಗೆ ನಾಟಕದ ಭಯ ಹಳೆಯದು. ಕಲ್ಕತ್ತೆಯ ರಂಗಭೂಮಿಯಲ್ಲಿ ಬ್ರಿಟಿಷರನ್ನೂ ಅವರ ಬೆನ್ನು ಹತ್ತಿದವರನ್ನೂ ಗೇಲಿ ಮಾಡಿದ ನಾಟಕಗಳು ಬಂದಾಗ 1876ರಲ್ಲಿ ನಾಟಕ ಪ್ರದರ್ಶನ ಕಾಯ್ದೆ ಜಾರಿಗೆ ಬಂತು. ಸರಕಾರಕ್ಕೆ ಸರಿಕಾಣದ ನಾಟಕವನ್ನು ನಿಷೇಧಿಸಬಹುದು, ಅದರ ವಿವರ ಒಪ್ಪಿಸುವಂತೆ ಕೇಳಬಹುದು ಎಂಬುದು ಅದರ ಸಾರ. ಸ್ವಾತಂತ್ರ್ಯ ಬಂದ ಮೇಲೂ ಆ ಮನೋಭಾವ ಉಳಿಯಿತು. ನಮ್ಮ ರಾಜ್ಯಕ್ಕೆ 1964ರಲ್ಲಿ ಇದೇ ಬಗೆಯ ತನ್ನದೇ ಕಾಯ್ದೆ ಬಂತು. 1876ರ ಮೂಲ ಕಾಯ್ದೆಯನ್ನು ಕೇಂದ್ರ ಕೈಬಿಟ್ಟದ್ದು 2018ರಲ್ಲಿ.

ಹಸ್ತಪ್ರತಿ ತರಿಸಿ ಓದುವ ಈ ವಿಧಾನ ಆಶುಹಾಸ್ಯದ ಮುಂದೆ ಸೋಲುತ್ತದೆ. ಓದಲು ಅಲ್ಲಿ ಏನಿದೆ? ಪುಸ್ತಕದಲ್ಲಿರುವುದು ಕಥೆಯ ಎಲುಬು. ಚುಚ್ಚುವ ಮಾತು ಹುಟ್ಟುವುದು ಆ ರಾತ್ರಿ, ಆ ಜನರ ಎದುರು. ಮರುದಿನ ಅದು ಬೇರೆಯಾಗಿರುತ್ತದೆ. ನಿಷೇಧಿಸಬೇಕೆಂದರೆ ನಾಟಕವನ್ನಲ್ಲ, ನಟನ ನಾಲಿಗೆಯನ್ನೇ ನಿಷೇಧಿಸಬೇಕಾಗುತ್ತದೆ.

ಹಿರಣ್ಣಯ್ಯನವರ ವಿಷಯದಲ್ಲಿ ಆದದ್ದೂ ಅದೇ. ಅಧಿಕಾರದಲ್ಲಿದ್ದವರ ಸಿಟ್ಟು, ನಾಟಕ ನಿಲ್ಲಿಸುವ ಪ್ರಯತ್ನ, ನ್ಯಾಯಾಲಯದ ಅಲೆದಾಟ ಎಲ್ಲವನ್ನೂ ಅವರು ಕಂಡರು. ಬಾಯಿ ಮಾತ್ರ ಮುಚ್ಚಲಿಲ್ಲ. ಯಾವ ಪಕ್ಷ ಅಧಿಕಾರಕ್ಕೆ ಬಂದರೂ ಅವರ ಮಾತಿನ ಮೊನೆ ಅತ್ತ ತಿರುಗುತ್ತಿತ್ತು. ಟಿಕೆಟ್ ಕೊಂಡು ಬಂದ ಜನರ ನಂಬಿಕೆ ನಿಂತದ್ದು ಇದರ ಮೇಲೆ. ಒಂದು ಪಕ್ಷವನ್ನು ಮಾತ್ರ ಗೇಲಿ ಮಾಡುವವರಾಗಿದ್ದರೆ ಅವರ ಅಂಗಡಿ ಒಂದು ಚುನಾವಣೆಯೊಳಗೆ ಮುಚ್ಚುತ್ತಿತ್ತು.

ಹೊಳೆಯಾಚೆ, ಕಡಲಾಚೆ

ಚಿಂಚಲಿಯಿಂದ ಮೀರಜ್ ಕಡೆಗೆ ರೈಲು ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಮರಾಠಿ ತಮಾಶಾದ ಸೀಮೆ. ಅಲ್ಲಿಯ ‘ಗೌಳಣ’ ಭಾಗದಲ್ಲಿ ಹಾಲು ಮೊಸರು ಹೊತ್ತು ಮಥುರೆಯ ಸಂತೆಗೆ ಹೊರಟ ಗೋಪಿಯರನ್ನು ಕೃಷ್ಣ ಮತ್ತವನ ಗೆಳೆಯ ಪೆಂದ್ಯಾ ಅಡ್ಡಗಟ್ಟುತ್ತಾರೆ. ಗೋಪಿಯರ ಹಿರಿಯಳಾದ ‘ಮಾವಶಿ’ಯಾಗಿ ಗಂಡಸೊಬ್ಬ ಸೀರೆ ಉಟ್ಟು ಬಂದು ಮಾತಿಗೆ ಮಾತು ಕೊಡುತ್ತಾನೆ. ನಮ್ಮ ಗೊಲ್ಲತಿಗೂ ಅವರ ಗೌಳಣಿಗೂ ದಾರಿ ಒಂದೇ. ಗಡಿಯ ಜಗಳ ಎಷ್ಟೇ ಇರಲಿ, ಈ ಇಬ್ಬರು ಹೆಂಗಸರು ಹೊತ್ತ ಗಡಿಗೆ ಒಂದೇ ಕುಂಬಾರನದು.

ಹಿರಣ್ಣಯ್ಯನವರಿಗಿಂತ ಎರಡು ವರ್ಷ ಹಿರಿಯರಾದ ದಾದಾ ಕೋಂಡಕೆ ಆ ಕಡೆ ಇದೇ ಕೆಲಸ ಮಾಡಿದರು. ವಸಂತ ಸಬ್ನೀಸರು ಬರೆದ ‘ವಿಚ್ಛಾ ಮಾಝೀ ಪುರೀ ಕರಾ’ ಎಂಬ ಲೋಕನಾಟ್ಯದಲ್ಲಿ ಅವರು ಪ್ರತಿ ರಾತ್ರಿ ಹೊಸ ರಾಜಕೀಯ ಟೀಕೆ ಸೇರಿಸಿ ಹೆಸರು ಮಾಡಿದರು. ಆಮೇಲೆ ಚಿತ್ರರಂಗಕ್ಕೆ ಹೋಗಿ 1971ರಲ್ಲಿ ‘ಸೋಂಗಾಡ್ಯಾ’ ಮಾಡಿದರು. ಆ ಹೆಸರು ತಮಾಶಾದ ಹಾಸ್ಯಗಾರನದೇ.

ಕರಾವಳಿಯ ಯಕ್ಷಗಾನದಲ್ಲೂ ಕಟ್ಟು ಇದೇ. ಭಾಗವತರ ಪದ್ಯ ಗೊತ್ತುಪಡಿಸಿದ್ದು, ಅದರ ಅರ್ಥ ಹೇಳುವ ಮಾತು ವೇಷಧಾರಿಯ ಸ್ವಂತದ್ದು, ಹಾಸ್ಯಗಾರನಿಗಂತೂ ಪೂರ್ಣ ಸ್ವಾತಂತ್ರ್ಯ. ಹದಿನಾರನೆಯ ಶತಮಾನದ ಇಟಲಿಯ ‘ಕೊಮೆದಿಯಾ ದೆಲ್ಲಾರ್ತೆ’ ಮೇಳಗಳವರು ಕಥೆಯ ಸಾರಾಂಶವನ್ನಷ್ಟೇ ಬರೆದಿಟ್ಟುಕೊಂಡು ಉಳಿದದ್ದನ್ನೆಲ್ಲ ರಂಗದ ಮೇಲೆ ಕಟ್ಟುತ್ತಿದ್ದರು. ಅಮೆರಿಕದ ಶಿಕಾಗೊದಲ್ಲಿ ವಯೋಲಾ ಸ್ಪೋಲಿನ್ ಎಂಬಾಕೆ ವಲಸೆ ಬಂದ ಬಡವರ ಮಕ್ಕಳಿಗಾಗಿ ರೂಪಿಸಿದ ಆಟಗಳಿಂದ ಇಂದಿನ ನಗರಗಳ ಆಶುಹಾಸ್ಯ ಬೆಳೆಯಿತು. ಆಕೆಯ ಮಗ ಪಾಲ್ ಸಿಲ್ಸ್ ಗೆಳೆಯರೊಂದಿಗೆ 1959ರಲ್ಲಿ ‘ಸೆಕೆಂಡ್ ಸಿಟಿ’ ರಂಗಮಂದಿರ ತೆರೆದರು. ಅಲ್ಲಿ ನೋಡುವವರು ಕೂಗಿ ಹೇಳಿದ ಒಂದು ಪದದ ಮೇಲೆ ದೃಶ್ಯ ಹುಟ್ಟುತ್ತದೆ. ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಪುರಾಣದೊಳಗೆ ಹೊಸ ಮಾತು ಹುಟ್ಟುತ್ತದೆ. ಹೊಸ ಕಥೆ ಕಟ್ಟುವ ಹೊರೆ ನಮ್ಮ ಭಾಗವತನಿಗಿಲ್ಲ. ಗೊತ್ತಿದ್ದ ಕಥೆಯನ್ನು ಹೊಸದಾಗಿ ಕೇಳಿಸುವ ಹೊರೆ ಇದೆ. ಎರಡನೆಯದೇ ಹೆಚ್ಚು ಕಷ್ಟದ್ದು ಎಂದು ಅನಿಸುತ್ತದೆ.

ನಗು ಕೆಡುವ ಜಾಗ

ಈ ಕಲೆಯ ಮೇಲಿನ ಪ್ರೀತಿಯಿಂದಲೇ ಹೇಳಬೇಕಾದ ಮಾತೊಂದಿದೆ. ಕಂಪನಿ ನಾಟಕಗಳಲ್ಲಿ ಹಾಸ್ಯಗಾರನ ಸ್ವಾತಂತ್ರ್ಯ ಎಷ್ಟೋ ಕಡೆ ಎರಡರ್ಥದ ಮಾತಿಗೆ ಇಳಿಯಿತು. ಸಿನಿಮಾ, ಟಿವಿ, ಮೊಬೈಲಿನ ಪೈಪೋಟಿಯಲ್ಲಿ ಟಿಕೆಟ್ ಮಾರಲು ಅದು ಸುಲಭದ ದಾರಿ ಎನಿಸಿತು. ದಪ್ಪಗಿರುವವರು, ತೊದಲುವವರು, ಕಪ್ಪಗಿರುವವರು, ಕೆಳಜಾತಿ ಎನಿಸಿಕೊಂಡವರು ನಗೆಯ ವಸ್ತುವಾದರು. ರಂಗದ ಮೇಲೆ ನಿಂತ ಹೆಣ್ಣಿಗೆ ಆಗಿಂದಾಗ ಏನು ಬೇಕಾದರೂ ಅನ್ನಬಹುದು ಎಂಬ ಸಲಿಗೆ ಬೆಳೆಯಿತು. ಬರೆದ ಮಾತಾಗಿದ್ದರೆ ಅದನ್ನು ಮೊದಲೇ ಒಲ್ಲೆ ಎನ್ನಬಹುದಿತ್ತು. ಆಶುಮಾತಿಗೆ ಸಿಕ್ಕ ನಟಿಗೆ ಆ ಅವಕಾಶವೂ ಇಲ್ಲ.

ಪಾರಿಜಾತದ ಕಟ್ಟಿನಲ್ಲಿ ಇದಕ್ಕೊಂದು ಪ್ರತಿಬಲ ಇದೆ. ಅಲ್ಲಿ ಗೊಲ್ಲತಿ, ದೂತಿ, ಸತ್ಯಭಾಮೆ, ಕೊರವಂಜಿ ಎಲ್ಲರೂ ಉತ್ತರ ಕೊಡುವವರು. ಕೊರವಂಜಿಯ ವೇಷದಲ್ಲಿ ಕಣಿ ಹೇಳಲು ಬರುವವನು ಸ್ವತಃ ಕೃಷ್ಣ. ಅವನಿಗೂ ಭಾಮೆಯಿಂದ ಮಾತಿನ ಪೆಟ್ಟು ತಪ್ಪುವುದಿಲ್ಲ. ಭಾಗವತ ಅತಿ ಮಾಡಿದರೆ ಎದುರಿನ ಕಲಾವಿದೆ ಒಂದೇ ಮಾತಿನಲ್ಲಿ ಅವನನ್ನು ಕೂರಿಸುತ್ತಾಳೆ, ಜನ ಅವಳ ಪರವಾಗಿ ಶಿಳ್ಳೆ ಹಾಕುತ್ತಾರೆ. ಇಬ್ಬರಿಗೂ ಸಮನಾದ ನಾಲಿಗೆ ಇದ್ದಾಗ ನಗು ಹಸನಾಗಿರುತ್ತದೆ.

ದುಡಿಮೆಯ ಲೆಕ್ಕವೂ ಇದೆ. ಸುಗ್ಗಿ ಮುಗಿದ ಮೇಲಿನ ಜಾತ್ರೆಗಳೇ ಇವರ ಹಂಗಾಮು. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿಯಲ್ಲಿ ನಾಟಕ ಕಂಪನಿಗಳು ಸಾಲಾಗಿ ಕ್ಯಾಂಪು ಹಾಕುತ್ತವೆ. ಮರುತಿಂಗಳ ಭರತ ಹುಣ್ಣಿಮೆಗೆ ಚಿಂಚಲಿ, ಸವದತ್ತಿಗಳ ಸರದಿ. ಮಳೆ ಬಿದ್ದರೆ ಆಟ ಮುಗಿಯಿತು. ಬಯಲಾಟದವರಲ್ಲಿ ಹೆಚ್ಚಿನವರು ಉಳಿದ ತಿಂಗಳು ಹೊಲದ ಕೆಲಸದವರೇ. ವಯಸ್ಸಾದ ಕಲಾವಿದರಿಗೆ ಸರಕಾರದ ಮಾಸಾಶನ ಉಂಟು, ಬಯಲಾಟಕ್ಕೆಂದೇ ಬಾಗಲಕೋಟೆಯಲ್ಲಿ ಅಕಾಡೆಮಿಯೂ ಆಗಿದೆ. ಆದರೆ ಇಡೀ ರಾತ್ರಿಯ ಆಟವನ್ನು ಉತ್ಸವದ ವೇದಿಕೆಯಲ್ಲಿ ಅರ್ಧ ಗಂಟೆಗೆ ಇಳಿಸಿ ಎಂದಾಗ ಮೊದಲು ಕತ್ತರಿ ಬೀಳುವುದು ಮಾತಿಗೆ. ಹಾಡು ಉಳಿಯುತ್ತದೆ, ಭಾಗವತ ಎರಡು ಪ್ರಶ್ನೆ ಕೇಳಿ ಬದಿಗೆ ಸರಿಯುತ್ತಾನೆ. ನೋಡಿದವರು ಇದೇ ಪಾರಿಜಾತ ಎಂದು ತಿಳಿದು ಮನೆಗೆ ಹೋಗುತ್ತಾರೆ.

ಉಳಿದದ್ದು, ಉಳಿಸಬೇಕಾದದ್ದು

ಪಾರಿಜಾತದ ಪದಗಳು ಅಚ್ಚಾಗಿವೆ, ಅದರಂಥ ಇತರ ಸಣ್ಣಾಟಗಳ ಪಠ್ಯಗಳೂ ಅಚ್ಚಾಗಿವೆ. ಸಂಗ್ರಹಿಸಿದವರ ಶ್ರಮ ದೊಡ್ಡದು. ಆದರೆ ಅಚ್ಚಿನ ಪುಸ್ತಕದಲ್ಲಿ ಗೊಲ್ಲತಿಯ ಮಾತು ಬಂದರೂ ಅದು ಯಾವುದೋ ಒಂದು ರಾತ್ರಿಯದು. ಅಂದು ಎದುರಿಗೆ ಕೂತವರು ಯಾರು, ಆ ವರ್ಷ ಬರವಿತ್ತೋ ಬೆಳೆಯಿತ್ತೋ, ಯಾವ ಮಾತಿಗೆ ಜನ ನಕ್ಕರು ಎಂಬುದು ಪುಸ್ತಕದಲ್ಲಿ ಇರುವುದಿಲ್ಲ.

ಹಿರಣ್ಣಯ್ಯನವರ ನಾಟಕಗಳು ಕ್ಯಾಸೆಟ್ಟಿನ ಕಾಲದಲ್ಲಿ ಮನೆಮನೆಗೆ ಹೋದವು, ಈಗ ಮೊಬೈಲಿನಲ್ಲೂ ಸಿಗುತ್ತವೆ. ದನಿ ಉಳಿದದ್ದು ಪುಣ್ಯ. ಆದರೆ ಕೇಳುವ ಇಂದಿನ ಹುಡುಗರಿಗೆ ಅಲ್ಲಿ ಬರುವ ಮಂತ್ರಿ ಯಾರು, ಹಗರಣ ಯಾವುದು ಎಂದು ಗೊತ್ತಾಗುವುದಿಲ್ಲ. ಹಿಂದೆ ಕೇಳುವ ಜನರ ನಗೆಯಿಂದ ಅಲ್ಲೇನೋ ದೊಡ್ಡ ಪೆಟ್ಟು ಬಿದ್ದಿದೆ ಎಂಬುದಷ್ಟೇ ತಿಳಿಯುತ್ತದೆ.

ಆದ್ದರಿಂದ ಮುದ್ರಣ ಮಾಡುವವರು, ಚಿತ್ರೀಕರಿಸುವವರು ಕ್ರಮ ಬದಲಿಸಬೇಕಿದೆ. ಒಂದೇ ಮೇಳದ ಒಂದೇ ಆಟವನ್ನು ಒಂದು ಹಂಗಾಮಿನಲ್ಲಿ ನಾಲ್ಕಾರು ಊರುಗಳಲ್ಲಿ ಪೂರ್ತಿ ರಾತ್ರಿ ಚಿತ್ರೀಕರಿಸಬೇಕು. ಕ್ಯಾಮೆರಾ ಒಂದು ರಂಗದ ಕಡೆಗಿದ್ದರೆ ಇನ್ನೊಂದು ಜನರ ಕಡೆಗಿರಬೇಕು. ತಾರೀಕು, ಊರು, ಕಲಾವಿದರ ಹೆಸರಿನ ಜೊತೆಗೆ ಆ ವಾರ ಆ ಊರಿನಲ್ಲಿ ನಡೆದದ್ದನ್ನೂ ಬರೆದಿಡಬೇಕು. ಆ ರಾತ್ರಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಯಾವ ಮಾತು ದಾಸ್ತಾನಿನದು, ಯಾವುದು ಅಂದು ಹುಟ್ಟಿದ್ದು, ಅದು ಹುಟ್ಟಲು ಎದುರಿನವರು ಹೇಗೆ ಎತ್ತಿಕೊಟ್ಟರು ಎಂಬುದು ಕಲಿಯುವ ಹುಡುಗ ಹುಡುಗಿಯರಿಗೆ ಕಾಣುತ್ತದೆ. ಇದಕ್ಕೆ ಬೇಕಾದ ಯಂತ್ರ ಈಗ ಪ್ರತಿ ಊರಿನ ಮದುವೆ ಫೋಟೋದವರ ಬಳಿ ಇದೆ. ಪೂರ್ತಿ ರಾತ್ರಿ ಆಡಬಲ್ಲ, ಎದುರಿನವರ ಮಾತಿಗೆ ಸರಿಜೋಡಿ ಮಾತು ಕೊಡಬಲ್ಲ ಹಿರಿಯ ಕಲಾವಿದರು ಗೋಕಾಕ, ಮೂಡಲಗಿ, ಮುಧೋಳ ಕಡೆಯ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅವರನ್ನು ಕರೆಸಿ, ಅರ್ಧ ಗಂಟೆಯ ಬದಲು ಒಂದು ರಾತ್ರಿ ಕೊಡುವ ಕೆಲಸ ಬರುವ ಹಂಗಾಮಿನಲ್ಲೇ ಶುರುವಾಗಬಹುದು.